ಕಡಲಿನಿಂದ 250 ಮೀಟರ್ ದೂರದ ಮನೆ: ಸನ್‌ಶೇಡ್ ಬಿತ್ತು, ಹೊಸದನ್ನು ಹೇಗೆ ಕಟ್ಟಿಸುವುದು?

ಹೊಯ್ಗೆದಿಬ್ಬ | ಭಾನುವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಕುಂದಾಪುರ ಕಡೆಯ ನಮ್ಮ ಮನೆಗೂ ಕಡಲಿಗೂ ನಡುವೆ ಇರುವುದು ಒಂದು ರಸ್ತೆ, ಒಂದು ಸಾಲು ತೆಂಗು, ಅಷ್ಟೇ. 2007ರಲ್ಲಿ ಅಪ್ಪ ನಿವೃತ್ತಿಯ ದುಡ್ಡು ಹಾಕಿ ಕಟ್ಟಿಸಿದ ತಾರಸಿ ಮನೆ. ಹೋದ ತಿಂಗಳು ಅಮ್ಮ ಹಿತ್ತಲಲ್ಲಿ ಹಪ್ಪಳ ಒಣಹಾಕಿ ಒಳಗೆ ಬಂದು ಐದು ನಿಮಿಷ ಆಗಿರಲಿಲ್ಲ, ಅಡುಗೆಮನೆ ಕಿಟಕಿಯ ಸನ್‌ಶೇಡಿನ ಅಡಿಭಾಗ ಚಾಪೆಯಷ್ಟಗಲ ಕಳಚಿ ಬಿತ್ತು. ಹಪ್ಪಳ ಹೋಯಿತು, ಅಮ್ಮ ಉಳಿದರು.

ಬೆಂಗಳೂರಿನಿಂದ ಹೋದಾಗ ಬಿದ್ದ ಚಕ್ಕೆಯನ್ನು ಎತ್ತಿ ನೋಡಿದೆ. ಒಂದು ಮೈ ಬಣ್ಣ, ಇನ್ನೊಂದು ಮೈಯಲ್ಲಿ ರಾಡಿನ ಅಚ್ಚು. ಅಚ್ಚಿನ ತುಂಬ ಕಂದು ಪುಡಿ, ಬೆರಳಲ್ಲಿ ಉಜ್ಜಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಸ್ಕೇಲ್ ಇಟ್ಟು ಅಳೆದೆ: ಬಣ್ಣದಿಂದ ರಾಡಿಗೆ ಹನ್ನೆರಡು ಮಿಲಿಮೀಟರ್, ಅದರಲ್ಲಿ ಅರ್ಧಕ್ಕರ್ಧ ಗಾರೆ. ಮೇಲೆ ಉಳಿದಿರುವ 8 ಎಂಎಂ ರಾಡು ಒಂದೆರಡು ಕಡೆ ಸೈಕಲ್ ಕಡ್ಡಿಯಷ್ಟು ಸವೆದಿದೆ. ಪಡುವಣ ಬದಿಯ ಎರಡು ಪಿಲ್ಲರ್‌ಗಳಲ್ಲಿ ಮೂಲೆಗುಂಟ ಮೇಲಿನಿಂದ ಕೆಳಗಿನ ತನಕ ಬಿರುಕು. ಮೂಡಣ ಬದಿಗೆ ಏನೂ ಆಗಿಲ್ಲ.

ಕೆಡವಿ ಹೊಸದಾಗಿ ಕಟ್ಟುವ ಯೋಚನೆಯಲ್ಲಿದ್ದೇವೆ. ಗುತ್ತಿಗೆದಾರರು ಕೊಟ್ಟ ಲೆಕ್ಕದಲ್ಲಿ ಎಂ20 ಕಾಂಕ್ರೀಟ್ (ಎಂ ಮುಂದಿನ ಸಂಖ್ಯೆ ಬಲದ ದರ್ಜೆಯಂತೆ), ತುಕ್ಕು ತಡೆಯಲೆಂದು ಎಪಾಕ್ಸಿ ರಾಳ ಬಳಿದ ರಾಡು, ಜೊತೆಗೆ ಒಂದು 'ವಾಟರ್‌ಪ್ರೂಫ್ ಕೆಮಿಕಲ್'. ಐವತ್ತು ವರ್ಷ ತಿರುಗಿ ನೋಡಬೇಡಿ ಎನ್ನುತ್ತಾರೆ. ಮೊದಲ ಮನೆ ಕಟ್ಟಿದವರೂ ಇದೇ ಮಾತು ಹೇಳಿದ್ದರಂತೆ. ತಿಳಿದವರು ದಾರಿ ತೋರಿಸಿ.

ಚಿರೆಕಲ್ಲು | ಭಾನುವಾರ, ರಾತ್ರಿ 10.05

ಅಂಕೋಲೆಯಲ್ಲಿ ನಮ್ಮ ಅಜ್ಜನ ಮನೆ ನಿಮ್ಮದಕ್ಕಿಂತಲೂ ಕಡಲಿಗೆ ಹತ್ತಿರ. ಚಿರೆಕಲ್ಲಿನ ಗೋಡೆ, ಚಿಪ್ಪಿನ ಸುಣ್ಣ, ಹಲಸಿನ ತೊಲೆ, ಮಂಗಳೂರು ಹಂಚು. ನೂರು ವರ್ಷ ಹತ್ತಿರ ಬಂತು, ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವುದು ಬಿಟ್ಟರೆ ಖರ್ಚಿಲ್ಲ. ರೋಮನ್ನರು ಕಡಲೊಳಗೆ ಕಟ್ಟಿದ ಬಂದರುಗಳು ಎರಡು ಸಾವಿರ ವರ್ಷದಿಂದ ನಿಂತಿವೆ. ಈಗಿನ ಸಿಮೆಂಟಿಗೆ ಹದಿನೈದು ವರ್ಷಕ್ಕೇ ಮುಪ್ಪು. ಎಲ್ಲ ಕಲಬೆರಕೆ ಸ್ವಾಮಿ.

ಬಂದರು ಇಲಾಖೆ ನಿವೃತ್ತ | ಸೋಮವಾರ, ಬೆಳಿಗ್ಗೆ 6.40

ಹೊಯ್ಗೆದಿಬ್ಬ ಅವರೇ, ಹೊಸ ಮನೆಯ ಮಾತು ಆಮೇಲೆ. ಇವತ್ತೇ ಮಾಡಬೇಕಾದ ಒಂದು ಕೆಲಸವಿದೆ. ಮನೆಯ ಉಳಿದ ಸನ್‌ಶೇಡುಗಳ ಕೆಳಗೆ ಯಾರೂ ಓಡಾಡದಂತೆ ಹಗ್ಗ ಕಟ್ಟಿಸಿ, ಅಗಲವಾದವುಗಳಿಗೆ ಅಡಿಯಿಂದ ಊರುಗಂಬ ಕೊಡಿಸಿ.

ಕಾರಣ ಹೇಳುತ್ತೇನೆ. ಸನ್‌ಶೇಡ್ ಎಂದರೆ ಗೋಡೆಯಿಂದ ಹೊರಗೆ ಚಾಚಿದ ಕೈ ಇದ್ದಂತೆ. ಭಾರ ಬಿದ್ದಾಗ ಅದರ ಮೇಲ್ಮೈ ಜಗ್ಗುತ್ತದೆ, ಅಡಿ ಒತ್ತುತ್ತದೆ. ಹಾಗಾಗಿ ಮುಖ್ಯ ರಾಡು ಇರಬೇಕಾದದ್ದು ಮೇಲ್ಭಾಗದಲ್ಲಿ. ನಿಮ್ಮದು ಅಡಿಯಿಂದ ಹನ್ನೆರಡು ಮಿಲಿಮೀಟರಿಗೇ ಸಿಕ್ಕಿದೆ. ಕಾಂಕ್ರೀಟ್ ಸುರಿಯುವಾಗ ಬಾಂಡಲಿ ಹೊತ್ತವರು ಅದರ ಮೇಲೆಯೇ ಮೆಟ್ಟಿ ನಡೆದಿದ್ದಾರೆ, ರಾಡು ಸೆಂಟ್ರಿಂಗ್ ಹಲಗೆಯ ತನಕ ಇಳಿದಿದೆ. ಇಂಥದ್ದು ಚಕ್ಕೆ ಕಳಚಿ ಎಚ್ಚರಿಸುತ್ತದೆ ಎಂದು ನಂಬಿ ಕೂರಬೇಡಿ, ಬುಡದಲ್ಲಿ ಮುರಿದು ಇಡಿಯಾಗಿಯೇ ಬೀಳಬಹುದು.

ಇನ್ನು ತುಕ್ಕಿನ ಮಾತು. ಒಳ್ಳೆಯ ಕಾಂಕ್ರೀಟಿನ ಒಳಗೆ ಕ್ಷಾರ ಹೆಚ್ಚು, ಪಿಎಚ್ 12.5ರಿಂದ 13ರಷ್ಟು. ಅಷ್ಟು ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿಕೊಂಡು ತುಕ್ಕು ತಡೆಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಕೆಲಸ ಮುಗಿದ ಮೇಲೆ ಅದು ಖರ್ಚಾಗಿ ಹೋಗುವುದೂ ಇಲ್ಲ, ಅಲ್ಲೇ ಕೂತು ಮತ್ತೆ ಅದೇ ಕೆಲಸ ಮಾಡುತ್ತದೆ. ತುಕ್ಕಾದ ಕಬ್ಬಿಣ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಹಿಗ್ಗಿಸಿದರೆ ತಡೆಯದು. ಮೂಲೆಯ ರಾಡಿನ ಗುಂಟ ಸೀಳುತ್ತದೆ. ನಿಮ್ಮ ಪಡುವಣ ಪಿಲ್ಲರ್‌ಗಳ ಉದ್ದ ಬಿರುಕು ಅದೇ.

ಮಳೆ ಬೀಳದ ಅಡಿಭಾಗವೇ ಮೊದಲು ಹೋದದ್ದಕ್ಕೂ ಕಾರಣವಿದೆ. ಬಿಸಿಲು ಮಳೆಗೆ ಒಡ್ಡಿದ ಮೈಯನ್ನು ನಮ್ಮ ಮಳೆಗಾಲ ತೊಳೆಯುತ್ತದೆ. ಸನ್‌ಶೇಡಿನ ಅಡಿಯಲ್ಲಿ ಗಾಳಿ ತಂದ ಉಪ್ಪು ವರ್ಷದಿಂದ ವರ್ಷಕ್ಕೆ ಕೂತೇ ಇರುತ್ತದೆ.

ಬಂದರು ಇಲಾಖೆ ನಿವೃತ್ತ | ಸೋಮವಾರ, ಬೆಳಿಗ್ಗೆ 6.58

ಚಿರೆಕಲ್ಲು ಅವರಿಗೆ ಒಂದು ಮಾತು. ನಿಮ್ಮ ಅಜ್ಜನ ಮನೆಯಲ್ಲೂ ರೋಮನ್ನರ ಬಂದರಿನಲ್ಲೂ ಇಲ್ಲದೆ ಇರುವುದು ಒಂದೇ ವಸ್ತು: ಕಬ್ಬಿಣ. ಅವರದ್ದು ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿ. ಕಡಲನೀರು ಒಳಗೆ ಹೋದಷ್ಟೂ ಅದರಲ್ಲಿ ಹೊಸ ಹರಳು ಬೆಳೆದು ಬಿಗಿಯಾಯಿತು. ನಮ್ಮಲ್ಲೇ ನೋಡಿ, ಬಂದರಿನ ಅಲೆ ತಡೆಗೋಡೆಗೆ (ಬ್ರೇಕ್‌ವಾಟರ್) ಸುರಿಯುವ ನಾಲ್ಕು ಕಾಲಿನ ಟೆಟ್ರಾಪಾಡುಗಳಿಗೆ ರಾಡು ಹಾಕುವುದಿಲ್ಲ. 1950ರ ಹೊತ್ತಿಗೆ ಫ್ರಾನ್ಸಿನಲ್ಲಿ ಹುಟ್ಟಿದ ಆ ಆಕಾರದ ಜಾಣತನವೇ ಅದು, ತೂಕ ಮತ್ತು ಒಂದಕ್ಕೊಂದು ಸಿಕ್ಕಿಕೊಳ್ಳುವ ಕಾಲಿನಿಂದ ಅಲೆ ತಡೆಯುತ್ತದೆ. ಅಲೆ ಹೊಡೆದು ಕಾಲು ಮುರಿಯಬಹುದು, ತುಕ್ಕಿನಿಂದ ಸೀಳಲಾರದು. ಕಡಲಿಗೂ ಸಿಮೆಂಟಿಗೂ ಅಂಥ ಹಗೆಯಿಲ್ಲ, ನಡುವೆ ಕಬ್ಬಿಣ ಬಂದಾಗ ಜಗಳ. ಕಬ್ಬಿಣವಿಲ್ಲದೆ ತಾರಸಿ ಹಾಕುವ ಹಾಗಿಲ್ಲವಾದ್ದರಿಂದ ಈ ಚರ್ಚೆ.

ಗಾರೆ ಮೇಸ್ತ್ರಿ, ಹೊನ್ನಾವರ | ಸೋಮವಾರ, ರಾತ್ರಿ 8.15

ಮೂವತ್ತು ವರ್ಷದಿಂದ ಇದೇ ಕೆಲಸ. ಎಲ್ಲರೂ ಮೇಸ್ತ್ರಿಯನ್ನೇ ಬೈಯುವುದರಿಂದ ಎರಡು ಮಾತು.

ರಾಡಿನ ಹೊರಗೆ ಬೇಕಾದಷ್ಟು ಕಾಂಕ್ರೀಟ್ ದಪ್ಪ (ಅದೇ ಕವರ್) ಉಳಿಯಲೆಂದು ಇಡುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು, ಹಂಚಿನ ಚೂರು ಇಟ್ಟದ್ದು ಹೌದು, ನಾನೂ ಇಟ್ಟಿದ್ದೇನೆ. ಮನೆಯವರು ಚೌಕಾಸಿ ಮಾಡುವಾಗ ಮೊದಲು ಹಾರುವುದು ಅದೇ. ನೀರು ಹೆಚ್ಚು ಹಾಕುತ್ತೇವೆ ಎನ್ನುತ್ತೀರಿ. ಗಟ್ಟಿ ಕಾಂಕ್ರೀಟನ್ನು ಬಾಂಡಲಿಯಲ್ಲಿ ಹೊತ್ತು ಏಣಿ ಹತ್ತಿ, ಒತ್ತೊತ್ತಾಗಿ ಕಟ್ಟಿದ ರಾಡಿನ ಸಂದಿಗೆ ಇಳಿಸಿ ನೋಡಿ. ಇಳಿಯುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನ ಹಾಗೆ ತೂತು ಕಂಡರೆ ಅದಕ್ಕೂ ಬೈಗುಳ ನಮಗೇ. ನೀರು ಹಾಕಿದರೆ ಸಲೀಸಾಗಿ ಹರಿಯುತ್ತದೆ, ನೋಡಲು ನುಣುಪಾಗಿ ಬರುತ್ತದೆ, ಮನೆಯವರಿಗೂ ಖುಷಿ.

ಮತ್ತೆ, ಡ್ರಾಯಿಂಗಿನಲ್ಲಿ 45 ಎಂಎಂ ಕವರ್ ಎಂದು ಬರೆದಿರುತ್ತಾರೆ. ಸಜ್ಜಾ, ಅದೇ ಸನ್‌ಶೇಡ್, ಮೂರು ಇಂಚು ದಪ್ಪ, ಅಂದರೆ 75 ಎಂಎಂ. ಮೇಲೆ 45, ಕೆಳಗೆ 45 ಬಿಟ್ಟರೆ ರಾಡನ್ನು ಎಲ್ಲಿಡಲಿ, ಎಂಜಿನಿಯರ್ ಸಾಹೇಬರ ತಲೆಯ ಮೇಲೆಯೇ?

ಬಂದರು ಇಲಾಖೆ ನಿವೃತ್ತ | ಸೋಮವಾರ, ರಾತ್ರಿ 9.30

ಮೇಸ್ತ್ರಿಗಳೇ, ಕೊನೆಯ ಪ್ರಶ್ನೆಗೆ ನಿಮಗೆ ಪೂರ್ತಿ ಅಂಕ. ಮೂರಿಂಚಿನ ಸಜ್ಜಾ ಘಟ್ಟದ ಮೇಲಿನ ನಕ್ಷೆಯಿಂದ ಇಳಿದು ಬಂದದ್ದು, ಕಡಲ ತಡಿಗೆ ಅದು ಹೇಳಿಸಿದ್ದೇ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ ಕಾಂಕ್ರೀಟ್ ಸಜ್ಜಾವನ್ನೇ ಬಿಡಿ. ಮಂಗಳೂರಿನಲ್ಲಿ 1865ರಿಂದ ಹಂಚು ಸುಡುತ್ತಿದ್ದೇವೆ. ಮಾಡನ್ನು ಎರಡೂವರೆ ಅಡಿ ಹೊರಗೆ ಚಾಚಿ ಹಂಚು ಹೊದಿಸಿದರೆ ಕಿಟಕಿಗೂ ನೆರಳು, ಗೋಡೆಗೂ ರಕ್ಷಣೆ. ಚಾಚಿದ ಕಾಂಕ್ರೀಟ್ ಕಡಿಮೆಯಾದಷ್ಟೂ ಉಪ್ಪು ಕೂರುವ ಮೂಲೆಗಳು ಕಡಿಮೆ. ಅಲಂಕಾರದ ಕಾಂಕ್ರೀಟ್ ಪಟ್ಟಿ, ತೆಳು ಜಾಲಂಧ್ರ, ಪ್ಯಾರಪೆಟ್ಟಿನ ಕಮಾನು ಇವನ್ನೂ ಬಿಡಿ. ಬಾಳಿಕೆಯ ಅರ್ಧ ಕೆಲಸ ನಕ್ಷೆ ಬರೆಯುವಾಗಲೇ ಮುಗಿಯುತ್ತದೆ.

ನಿಯಮದ ಪುಸ್ತಕ ಏನು ಹೇಳುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456, 2000ನೇ ಇಸವಿಯದ್ದು. ಪರಿಸರವನ್ನು ಐದು ದರ್ಜೆ ಮಾಡಿದೆ. ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟ್ ಮೂರನೆಯ ದರ್ಜೆ, 'ತೀವ್ರ': ಕನಿಷ್ಠ ಎಂ30, ಘನ ಮೀಟರಿಗೆ 320 ಕೆಜಿ ಸಿಮೆಂಟ್, ನೀರು–ಸಿಮೆಂಟ್ ಅನುಪಾತ 0.45ಕ್ಕೆ ಮೀರಕೂಡದು, ಕವರ್ 45 ಎಂಎಂ. ಕಡಲ ತುಂತುರು ನೇರ ಬಡಿಯುವ ಕಡೆ ಎಂ35, 340 ಕೆಜಿ, 50 ಎಂಎಂ. ಭರತ ಇಳಿತದ ನಡುವೆ ಸಿಕ್ಕಿದ ಕಂಬಗಳಿಗೆ ಎಂ40, 360 ಕೆಜಿ, ಅನುಪಾತ 0.40, ಕವರ್ 75. ನಿಮ್ಮ ಗುತ್ತಿಗೆದಾರರ ಎಂ20 ಅತಿ ಸೌಮ್ಯ ಪರಿಸರದ್ದು. ಅದೂ ಕರಾವಳಿಯನ್ನು ಬಿಟ್ಟು ಎಂದು ಅಲ್ಲೇ ಬರೆದಿದೆ.

ಇನ್ನೊಂದು. ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ ಎಂದು ಡಬ್ಬದಲ್ಲಿ ಅಳೆಯುವ ಲೆಕ್ಕ ಎಂ20ಕ್ಕೆ ನಿಲ್ಲುತ್ತದೆ. ಅದರ ಮೇಲಿನದಕ್ಕೆ ನಿಮ್ಮ ಸಿಮೆಂಟ್, ನಿಮ್ಮ ಮರಳು, ನಿಮ್ಮ ಜಲ್ಲಿ ಕೊಟ್ಟು ಪ್ರಯೋಗಾಲಯದಲ್ಲಿ ಮಿಶ್ರಣ ಮಾಡಿಸಿಯೇ ತರಬೇಕು.

ಅಬುಧಾಬಿ ಕನ್ನಡಿಗ | ಸೋಮವಾರ, ರಾತ್ರಿ 11.50

ನಾನು ಕೊಲ್ಲಿಯಲ್ಲಿ ಹನ್ನೆರಡು ವರ್ಷದಿಂದ ಜೆಟ್ಟಿ ಕೆಲಸದಲ್ಲಿದ್ದೇನೆ, ಊರು ಭಟ್ಕಳ. ಇಲ್ಲಿ ಉಪ್ಪಿನ ಜೊತೆಗೆ ಸೆಕೆಯೂ ಸೇರಿ ಎರಡರಷ್ಟು ತೊಂದರೆ. ಎಪ್ಪತ್ತರ ದಶಕದಲ್ಲಿ ಎಣ್ಣೆಯ ದುಡ್ಡು ಬಂದ ಹುರುಪಿನಲ್ಲಿ ತಂಪು ದೇಶದ ಲೆಕ್ಕ ಹಿಡಿದು ಕಟ್ಟಿದ ಎಷ್ಟೋ ಕಟ್ಟಡಗಳು ಹತ್ತು ಹದಿನೈದು ವರ್ಷಕ್ಕೆ ಚಕ್ಕೆ ಕಳಚಿದವು. ಆ ಪಾಠದ ಮೇಲೆ ಈಗಿನ ಪದ್ಧತಿ ನಿಂತಿದೆ: ಬೇಸಿಗೆಯಲ್ಲಿ ರಾತ್ರಿ ಕಾಂಕ್ರೀಟ್, ನೀರಿನ ಒಂದು ಪಾಲಿನ ಬದಲು ಮಂಜುಗಡ್ಡೆ, ಕಡಲ ಕೆಲಸಕ್ಕೆ ಸಿಮೆಂಟಿನ ಅರ್ಧಕ್ಕಿಂತ ಹೆಚ್ಚು ಪಾಲು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ.

ಮೇಸ್ತ್ರಿಯವರ ನೀರಿನ ಕಷ್ಟಕ್ಕೆ ಮದ್ದಿದೆ. ನಿಜವಾಗಿಯೂ ಹಾಕಬೇಕಾದ ಕೆಮಿಕಲ್ ಅಂದರೆ ಸೂಪರ್‌ಪ್ಲಾಸ್ಟಿಸೈಜರ್. ಚೀಲಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿಯ ಆಸುಪಾಸು, ಡಬ್ಬದ ಮೇಲೆ ಬರೆದಷ್ಟು. ನೀರು ಹೆಚ್ಚಿಸದೆಯೇ ಕಾಂಕ್ರೀಟ್ ದೋಸೆಹಿಟ್ಟಿನಂತೆ ಹರಿಯುತ್ತದೆ.

ನೀರಿನ ಲೆಕ್ಕ ಗೋಡೆಯ ಮೇಲೆ ಬರೆದಿಡಿ. 50 ಕೆಜಿ ಚೀಲಕ್ಕೆ 0.45 ಎಂದರೆ ಇಪ್ಪತ್ತೆರಡೂವರೆ ಲೀಟರ್. ಬಣ್ಣದ ದೊಡ್ಡ ಡಬ್ಬಿ ಒಂದು, ಮೇಲೆ ಎರಡೂವರೆ ಲೀಟರ್. ಆದರೆ ಮರಳು ಒದ್ದೆಯಿದ್ದರೆ ಅದರಲ್ಲೇ ನೀರಿರುತ್ತದೆ. ಚೀಲವೊಂದಕ್ಕೆ ನೂರು ಕೆಜಿ ಮರಳು, ಅದರಲ್ಲಿ ನೂರಕ್ಕೆ ಐದು ಪಾಲು ತೇವ ಎಂದರೆ ಐದು ಲೀಟರ್ ಆಗಲೇ ಬಂದಾಯಿತು. ಉಳಿದದ್ದು ಹದಿನೇಳೂವರೆ. ಮಳೆ ಬಂದ ಮಾರನೆಯ ದಿನ ಇದನ್ನು ಮರೆತರೆ 0.45 ಎಂದು ಬರೆದದ್ದು 0.55 ಆಗಿರುತ್ತದೆ.

ಸೀಲ್ ಪಕ್ಕಾ ಏಜೆನ್ಸಿ | ಮಂಗಳವಾರ, ಬೆಳಿಗ್ಗೆ 10.02

[ಜಾಹೀರಾತು ಎಂಬ ಕಾರಣಕ್ಕೆ ಈ ಉತ್ತರವನ್ನು ನಿರ್ವಾಹಕರು ತೆಗೆದಿದ್ದಾರೆ.]

ಹೊಯ್ಗೆದಿಬ್ಬ | ಮಂಗಳವಾರ, ಬೆಳಿಗ್ಗೆ 10.40

ಊರುಗಂಬ ನಿನ್ನೆಯೇ ಕೊಡಿಸಿದೆ ಸರ್. ಇನ್ನೊಂದು ಸನ್‌ಶೇಡನ್ನು ಸುತ್ತಿಗೆಯಲ್ಲಿ ತಟ್ಟಿದಾಗ ಮಡಕೆ ತಟ್ಟಿದ ಹಾಗೆ ಪೊಳ್ಳು ಸದ್ದು ಬಂತು. ಮೈ ಜುಮ್ಮೆಂದಿತು.

ಎಪಾಕ್ಸಿ ರಾಡಿನ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಕೊಡುವ ದುಡ್ಡು ಸಾರ್ಥಕವೇ?

ಅಬುಧಾಬಿ ಕನ್ನಡಿಗ | ಮಂಗಳವಾರ, ಮಧ್ಯಾಹ್ನ 1.15

ಹುಷಾರು. ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಗಳ ಸೇತುವೆಗಳಲ್ಲಿ ಎಪಾಕ್ಸಿ ಬಳಿದ ರಾಡು ನಂಬಿ ಕಟ್ಟಿದ ಕಂಬಗಳು ಹತ್ತು ವರ್ಷದೊಳಗೇ, ಎಂಬತ್ತರ ದಶಕದಲ್ಲೇ, ತುಕ್ಕು ತೋರಿಸಿದವು. ಬಳಿದ ಪದರ ಗೀರಾಗದೆ ಉಳಿದರೆ ಸರಿ. ಲಾರಿಯಿಂದ ದಬದಬ ಇಳಿಸಿ, ಹೊಯ್ಗೆಯ ಮೇಲೆ ಎಳೆದು, ಬಗ್ಗಿಸಿ, ತಂತಿಯಲ್ಲಿ ಬಿಗಿದು ಕಟ್ಟುವ ನಮ್ಮ ಪದ್ಧತಿಯಲ್ಲಿ ಗೀರಿಲ್ಲದೆ ಉಳಿಯುವುದು ಹೇಗೆ? ಗೀರಿದ ಆ ಒಂದು ಚುಕ್ಕೆಯಲ್ಲೇ ತುಕ್ಕು ಕೇಂದ್ರೀಕರಿಸಿ ಆಳಕ್ಕೆ ಕೊರೆಯುತ್ತದೆ.

ದುಡ್ಡಿದ್ದರೆ ಸ್ಟೇನ್‌ಲೆಸ್ ರಾಡು. ಮೆಕ್ಸಿಕೋದ ಯುಕಟಾನ್ ತೀರದಲ್ಲಿ ಪ್ರೊಗ್ರೆಸೊ ಎಂಬ ಬಂದರಿದೆ. ಅಲ್ಲಿ 1937ರಿಂದ 1941ರ ನಡುವೆ ಸ್ಟೇನ್‌ಲೆಸ್ ಹಾಕಿ ಕಟ್ಟಿದ ಉದ್ದದ ಜೆಟ್ಟಿ ಇನ್ನೂ ನಿಂತಿದೆ. ಪಕ್ಕದಲ್ಲಿ ಆಮೇಲೆ ಸಾದಾ ರಾಡು ಹಾಕಿ ಕಟ್ಟಿದ್ದು ಕುಸಿದು, ಕಂಬಗಳ ಮೊಂಡು ಮಾತ್ರ ನೀರಿನ ಮೇಲೆ ಕಾಣುತ್ತವೆ. ಎರಡೂ ಒಂದೇ ಫೋಟೋದಲ್ಲಿ ಬರುತ್ತವೆ. ಆದರೆ ಮನೆಗೆ ಇದು ದುಬಾರಿ. ಅದೇ ದುಡ್ಡಿನ ಒಂದು ಪಾಲನ್ನು ಕವರಿಗೂ ಕ್ಯೂರಿಂಗಿಗೂ (ಕಾಂಕ್ರೀಟಿಗೆ ನೀರುಣಿಸಿ ಬಲಿಸುವುದಕ್ಕೂ) ಹಾಕಿದರೆ ಸಾದಾ ರಾಡೇ ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತದೆ.

ಲ್ಯಾಬ್ ಕೋಟು | ಮಂಗಳವಾರ, ಸಂಜೆ 6.30

ಮಂಗಳೂರಿನಲ್ಲಿ ಕಟ್ಟಡ ಸಾಮಗ್ರಿ ಪರೀಕ್ಷೆಯ ಕೆಲಸ ನನ್ನದು. ಎಲ್ಲರೂ ಹೊರಗಿನಿಂದ ಬರುವ ಉಪ್ಪಿನ ಮಾತಾಡುತ್ತಿದ್ದೀರಿ. ನನ್ನ ಮೇಜಿಗೆ ಬರುವ ಎಷ್ಟೋ ಚೂರುಗಳಲ್ಲಿ ಉಪ್ಪು ಹುಟ್ಟಿನಿಂದಲೇ ಇರುತ್ತದೆ.

ಕಡಲ ನೀರಿನ ಲೀಟರಿನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್. ಘನ ಮೀಟರ್ ಕಾಂಕ್ರೀಟಿಗೆ 150 ಲೀಟರ್ ನೀರೆಂದರೆ 2.85 ಕೆಜಿ. ರಾಡು ಹಾಕಿದ ಕಾಂಕ್ರೀಟಿನಲ್ಲಿ ಎಲ್ಲ ಮೂಲದಿಂದ ಸೇರಿ ಇರಬಹುದಾದದ್ದು 0.6 ಕೆಜಿ. ಕಡಲ ನೀರನ್ನು ಯಾರೂ ಹಾಕುವುದಿಲ್ಲ ಎನ್ನುತ್ತೀರಿ, ನಿಜ. ಆದರೆ ತೀರದ ಬಾವಿಗಳು ಮಾರ್ಚ್ ಕಳೆದ ಮೇಲೆ ಉಪ್ಪಾಗುತ್ತವೆ, ಮನೆ ಕಟ್ಟುವ ಭರಾಟೆಯೂ ಆಗಲೇ. ಡಿಸೆಂಬರಿನಲ್ಲಿ ತಳಪಾಯಕ್ಕೆ ಬಳಸಿದ ಅದೇ ಬಾವಿಯ ನೀರನ್ನು ಮೇ ತಿಂಗಳ ತಾರಸಿಗೂ ಬಳಸುತ್ತಾರೆ. ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ದಾಟಿದ ನೀರು ರಾಡಿನ ಕಾಂಕ್ರೀಟಿಗೆ ಸಲ್ಲದು. ಒಮ್ಮೆಯಲ್ಲ, ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ.

ಹೊಯ್ಗೆಯೂ ಅಷ್ಟೇ. ಅಳಿವೆಯ ಹತ್ತಿರ ತೆಗೆದದ್ದಾದರೆ ಮೂರು ನೀರಿನಲ್ಲಿ ತೊಳೆಯಬೇಕು, ಇಲ್ಲವೇ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ತರಿಸಿ. ಮರಳು ನೆನೆಸಿದ ನೀರನ್ನು ಸೋಸಿ ಸಿಲ್ವರ್ ನೈಟ್ರೇಟಿನ ಎರಡು ಹನಿ ಬಿಟ್ಟರೆ ಉಪ್ಪಿದ್ದಲ್ಲಿ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಎಷ್ಟು ಎಂಬುದು ಲ್ಯಾಬಿನಲ್ಲಿ ತಿಳಿಯುತ್ತದೆ, ಇದೆಯೇ ಇಲ್ಲವೇ ಎಂಬುದಕ್ಕೆ ಇಷ್ಟು ಸಾಕು.

ಸಿಮೆಂಟ್ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಸ್ಲ್ಯಾಗ್ ಸಿಮೆಂಟ್ ಅಥವಾ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್. 'ಸಲ್ಫೇಟ್ ನಿರೋಧಕ' ಎಂಬ ಚೀಲ ನೋಡಿ ಕಡಲಿಗೆ ಇದೇ ಸರಿ ಎಂದು ಕೊಳ್ಳುವವರಿದ್ದಾರೆ. ಹೆಸರು ಕೇಳಲು ಚೆನ್ನ, ಆದರೆ ಕ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಅಂಶವನ್ನೇ ಅದರಲ್ಲಿ ಕಡಿಮೆ ಮಾಡಿರುತ್ತಾರೆ. ಉಪ್ಪುಗಾಳಿಯ ಮನೆಗೆ ಅದು ಬೇಡ.

ಸ್ಲ್ಯಾಗ್, ಹಾರುಬೂದಿಗಳ ಕಾಂಕ್ರೀಟ್ ನಿಧಾನಕ್ಕೆ ಬಲಿಯುತ್ತದೆ. ಸೆಂಟ್ರಿಂಗ್ ಬೇಗ ಬಿಚ್ಚಬೇಡಿ, ಹದಿನಾಲ್ಕು ದಿನ ನೀರುಣಿಸಿ. ಪಿಲ್ಲರಿಗೆ ಒದ್ದೆ ಗೋಣಿ ಸುತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಬಿಸಿಲಿಗೆ ಒಣಗದು. ಬೆಳಿಗ್ಗೆ ಸಂಜೆ ಪೈಪಿನಲ್ಲಿ ನೀರು ಚಿಮುಕಿಸಿ ಕೈ ತೊಳೆದುಕೊಳ್ಳುವುದಕ್ಕೆ ಕ್ಯೂರಿಂಗ್ ಎನ್ನುವುದಿಲ್ಲ. ಹೊರಮೈಯ ಆ ಎರಡಿಂಚು ಒಣಗಿದರೆ ರಾಡನ್ನು ಕಾಯಬೇಕಾದ ಭಾಗವೇ ಜೊಳ್ಳಾಗುತ್ತದೆ, ಪರೀಕ್ಷೆಗೆಂದು ಅಚ್ಚಿನಲ್ಲಿ ಎರೆದ ಕ್ಯೂಬಿನ ಬಲ ಎಷ್ಟೇ ಇರಲಿ.

ಸದಾಶಿವಗಡ | ಮಂಗಳವಾರ, ರಾತ್ರಿ 9.10

2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದೂ ಇದೇ ಉಪ್ಪಿನಿಂದ ಅಲ್ಲವೇ? ಲಾರಿ ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಿ ತಂದರು. ನಲವತ್ತು ವರ್ಷಕ್ಕೆ ಸೇತುವೆ ಬೀಳುತ್ತದೆ ಎಂದರೆ ಮನೆ ಯಾವ ಲೆಕ್ಕ.

ಬಂದರು ಇಲಾಖೆ ನಿವೃತ್ತ | ಬುಧವಾರ, ಬೆಳಿಗ್ಗೆ 6.30

ಕಾಳಿ ಸೇತುವೆಯ ಬಗ್ಗೆ ಇಲ್ಲಿ ಕೂತು ತೀರ್ಪು ಕೊಡುವುದು ಬೇಡ. ನದಿ ಸೇತುವೆ ಬೀಳಲು ಕಂಬದ ಬುಡದ ಮಣ್ಣು ಕೊರೆದು ಹೋಗಿರಬಹುದು, ಬೇರಿಂಗ್ ಕೆಟ್ಟಿರಬಹುದು, ಒಳಗಿನ ಬಿಗಿದ ತಂತಿ ಹೋಗಿರಬಹುದು. ತನಿಖೆಯ ವಿಷಯ ಅದು. 1986ರ ಜುಲೈನಲ್ಲಿ ಪಣಜಿಯ ಮಾಂಡೋವಿ ಸೇತುವೆ ಬಿದ್ದಾಗ ನಾನು ಕೆಲಸಕ್ಕೆ ಹೊಸಬ. ಅಲ್ಲಿಯ ತನಕ ನಮ್ಮ ಕಚೇರಿಯಲ್ಲಿ ಕ್ಯೂಬ್ ಒಡೆದು ಬಲ ನೋಡುವುದೇ ಗುಣಮಟ್ಟ ಎಂದಾಗಿತ್ತು. ಬಾಳಿಕೆ ಎಂಬ ಪದ ಕಡತಗಳಲ್ಲಿ ಕಾಣಿಸಿಕೊಂಡದ್ದು ಅದಾದ ಮೇಲೆ.

ಕಡಲ ಕಂಬಗಳನ್ನು ನೋಡಬೇಕೆಂದರೆ ಇಳಿತದ ಹೊತ್ತಿಗೆ ದೋಣಿಯಲ್ಲಿ ಹೋಗಬೇಕು. ಯಾವಾಗಲೂ ಮುಳುಗಿರುವ ಕೆಳಭಾಗ ಚಿಪ್ಪು ಕಟ್ಟಿ ಕರ್ರಗಿರುತ್ತದೆ, ಒಡೆದು ನೋಡಿದರೆ ರಾಡು ಅಷ್ಟೇನೂ ಕೆಟ್ಟಿರುವುದಿಲ್ಲ. ಉಪ್ಪು ಅಲ್ಲಿ ಬೇಕಾದಷ್ಟಿದೆ, ಆಮ್ಲಜನಕ ತೀರ ಕಡಿಮೆ. ಅದರ ಮೇಲಿನ ಆಳೆತ್ತರದ ಪಟ್ಟಿಯಲ್ಲಿ, ಭರತಕ್ಕೆ ನೆನೆದು ಇಳಿತಕ್ಕೆ ಒಣಗುವಲ್ಲಿ, ಕಂದು ಕಲೆ ಇಳಿದಿರುತ್ತದೆ. ಒಂದೊಂದು ಸಲ ನೆನೆದಾಗಲೂ ಉಪ್ಪನ್ನು ಹೀರಿ, ಒಣಗಿದಾಗ ನೀರನ್ನು ಮಾತ್ರ ಬಿಟ್ಟುಕೊಡುತ್ತದೆ. ಗಾಳಿಯೂ ಇದೆ, ತೇವವೂ ಇದೆ. ಅಲ್ಲಿಗೇ 75 ಎಂಎಂ ಕೇಳುವುದು.

ಕವರಿನ ವಿಷಯದಲ್ಲಿ ಜನ ಐದು ಎಂಎಂ ಹತ್ತು ಎಂಎಂ ಎಂದು ಹಗುರವಾಗಿ ಮಾತಾಡುತ್ತಾರೆ. ಉಪ್ಪು ಒಳಗೆ ಇಳಿಯುವ ಕಾಲ ದಪ್ಪದ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. ಕವರ್ ಅರ್ಧವಾದರೆ ಆಯುಷ್ಯ ಹೆಚ್ಚುಕಡಿಮೆ ಕಾಲುಪಾಲು. 45 ಎಂದು ಬರೆದು 22 ಇಟ್ಟವನು ನಲವತ್ತು ವರ್ಷವನ್ನು ಹತ್ತಕ್ಕೆ ಇಳಿಸಿದ ಹಾಗೆ. ಆ 45 ಅನ್ನು ಅಳೆಯಬೇಕಾದದ್ದು ಮುಖ್ಯ ರಾಡುಗಳನ್ನು ಸುತ್ತಿದ ರಿಂಗಿನ ಹೊರಮೈಯಿಂದ, ಒಳಗಿನ ಮುಖ್ಯ ರಾಡಿನಿಂದಲ್ಲ. ಗಾರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಟ್ಟುವ ತಂತಿಯ ತುದಿಗಳನ್ನು ಒಳಕ್ಕೆ ಮಡಿಸಿ, ಹೊರಕ್ಕೆ ಚಾಚಿದ ಒಂದು ತುದಿ ಉಪ್ಪಿಗೆ ಬಾಗಿಲು.

ಇಷ್ಟು ಓದಿದ ಉತ್ಸಾಹದಲ್ಲಿ ಐದಿಂಚಿನ ಸ್ಲ್ಯಾಬಿನಲ್ಲೇ ರಾಡನ್ನು ಮೇಲಕ್ಕೆತ್ತಿ ಕಟ್ಟಿಸಿಬಿಡಬೇಡಿ. ಸನ್‌ಶೇಡಿನಂತಲ್ಲ, ಗೋಡೆಯಿಂದ ಗೋಡೆಗೆ ಹಾಸಿದ ಸ್ಲ್ಯಾಬಿನಲ್ಲಿ ಜಗ್ಗುವುದು ಅಡಿಭಾಗ; ರಾಡು ಮೇಲೆ ಹೋದಷ್ಟು ಅದರ ಬಲ ಕುಗ್ಗುತ್ತದೆ. ದಪ್ಪ ಹೆಚ್ಚಿಸಿ ವಿನ್ಯಾಸವನ್ನು ಹೊಸದಾಗಿ ಮಾಡಿಸಬೇಕು. ಸಾವಿರ ಚದರಡಿ ತಾರಸಿಗೆ ಒಂದಿಂಚು ಹೆಚ್ಚಿಸಿದರೆ ಸುಮಾರು 2.4 ಘನ ಮೀಟರ್ ಹೆಚ್ಚು ಕಾಂಕ್ರೀಟ್. ನಿಮ್ಮ ಪೇಟೆಯ ದರದಲ್ಲಿ ಗುಣಿಸಿ ನೋಡಿ, ಮುಂಬಾಗಿಲ ಕೆತ್ತನೆಗಿಂತ ಹೆಚ್ಚಾಗದು.

ಚಿರೆಕಲ್ಲು | ಬುಧವಾರ, ಬೆಳಿಗ್ಗೆ 11.20

ಕಲಬೆರಕೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಕೇಳುತ್ತೇನೆ, ಇಷ್ಟೆಲ್ಲ ತಾಪತ್ರಯ ಇರುವ ವಸ್ತು ಯಾಕೆ ಬೇಕು? ಗೋಡೆ ಚಿರೆಕಲ್ಲಿನದ್ದೇ ಹೊರಲಿ, ಪಿಲ್ಲರ್ ಬಿಡಿ.

ಬಂದರು ಇಲಾಖೆ ನಿವೃತ್ತ | ಬುಧವಾರ, ಮಧ್ಯಾಹ್ನ 12.05

ಒಂದೇ ಅಂತಸ್ತಿನ ಮನೆಗೆ ನಿಮ್ಮ ಮಾತು ಒಪ್ಪುತ್ತೇನೆ. ಭೂಕಂಪಕ್ಕಾಗಿ ಕೇಳುವ ಕಾಂಕ್ರೀಟ್ ಪಟ್ಟಿಗಳನ್ನು ಮಾತ್ರ ಬಿಡಬಾರದು, ಅವನ್ನು ಗೋಡೆಯ ಒಳಗೆ ಕವರ್ ಕೊಟ್ಟು ಮುಚ್ಚಿ. ಕಡಿಮೆ ರಾಡು, ಕಡಿಮೆ ಚಿಂತೆ.

ಕೋಟ ಪಡುಕರೆ | ಗುರುವಾರ, ಸಂಜೆ 7.45

ನಮ್ಮದು ಕೆಡವುವಷ್ಟು ಹಾಳಾಗಿಲ್ಲ. ಎರಡು ವರ್ಷದ ಹಿಂದೆ ಒಂದು ಬೀಮಿನ ಚಕ್ಕೆ ಬಿದ್ದ ಕಡೆ ತುಕ್ಕು ಉಜ್ಜಿಸಿ ಸಿಮೆಂಟ್ ಮೆತ್ತಿಸಿದೆವು. ಈಗ ಮೆತ್ತಿದ್ದು ಗಟ್ಟಿಯಾಗಿಯೇ ಇದೆ, ಅದರ ಎಡಬಲಕ್ಕೆ ಹೊಸದಾಗಿ ಬಿರುಕು ಬಂದಿದೆ. ಕೆಲಸದವರು ಮೋಸ ಮಾಡಿದರೇ?

ಲ್ಯಾಬ್ ಕೋಟು | ಗುರುವಾರ, ರಾತ್ರಿ 8.30

ಮೋಸವಲ್ಲ, ಅರ್ಧ ತಿಳಿವಳಿಕೆ. ತುಕ್ಕು ಹಿಡಿಯುತ್ತಿದ್ದ ಜಾಗ ಪಕ್ಕದ ರಾಡನ್ನು ಕಾಯುತ್ತಿತ್ತು, ಬ್ಯಾಟರಿಯ ಒಂದು ತುದಿ ಸವೆಯುವಾಗ ಇನ್ನೊಂದು ಉಳಿಯುವ ಹಾಗೆ. ನೀವು ಅದಕ್ಕೆ ಹೊಸ ಸಿಮೆಂಟ್ ಕೊಟ್ಟು ಸುಖವಾಗಿ ಇರಿಸಿದಿರಿ. ಈಗ ಸವೆಯುವ ಸರದಿ ಪಕ್ಕದ್ದರದು, ಏಕೆಂದರೆ ಅಲ್ಲಿಯ ಹಳೆ ಕಾಂಕ್ರೀಟಿನಲ್ಲಿ ಉಪ್ಪು ಹಾಗೆಯೇ ಇದೆ. ಬರೇ ಸಡಿಲವಾದದ್ದನ್ನು ಕೆತ್ತಿದರೆ ಸಾಲದು. ಉಪ್ಪು ಇಳಿದ ಕಾಂಕ್ರೀಟನ್ನೆಲ್ಲ, ರಾಡಿನ ಹಿಂದೆ ಬೆರಳು ತೂರುವಷ್ಟು, ಅಂದರೆ 20–25 ಎಂಎಂ ತೆಗೆದು, ರಾಡನ್ನು ಸುತ್ತಲೂ ಬೆಳ್ಳಗೆ ಉಜ್ಜಿ, ಆಮೇಲೆ ರಿಪೇರಿ ಗಾರೆ. ಜೊತೆಗೆ ಸತುವಿನ ಬಿಲ್ಲೆ ಕಟ್ಟಿದರೆ ಪಕ್ಕದ ರಾಡಿನ ಬದಲು ಅದು ಸವೆಯುತ್ತದೆ. ಬೀಮಿನ ಭಾರಕ್ಕೆ ಊರುಗಂಬ ಕೊಡದೆ ಕೆತ್ತಲು ಕೈ ಹಾಕಬೇಡಿ. ಎಲ್ಲಿಯ ತನಕ ಹಾಳಾಗಿದೆ ಎಂದು, ರಾಡಿನ ವೋಲ್ಟೇಜ್ ಅಳೆದು ತುಕ್ಕಿನ ಸುಳಿವು ಕೊಡುವ ಹಾಫ್-ಸೆಲ್ ಮೀಟರಿನಲ್ಲಿ ಮೊದಲು ನೋಡಿಸಿ.

ಹೊಯ್ಗೆದಿಬ್ಬ | ಮೂರು ವಾರಗಳ ನಂತರ, ಭಾನುವಾರ, ಸಂಜೆ 5.50

ಎಲ್ಲರಿಗೂ ವಿಷಯ ತಿಳಿಸಬೇಕಿತ್ತು, ಈಗ ಪುರಸೊತ್ತಾಯಿತು.

ಪಡುವಣ ಪಿಲ್ಲರಿನ ಚೂರನ್ನು ಲ್ಯಾಬಿಗೆ ಕೊಟ್ಟಿದ್ದೆ. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ಥಲೀನ್ ಎರಚಿ ತೋರಿಸಿದರು. ಕ್ಷಾರ ಉಳಿದ ಕಡೆ ಗುಲಾಬಿಯಾಗುತ್ತದಂತೆ. ನಮ್ಮದು ರಾಡಿನ ತನಕವೂ ಗುಲಾಬಿಯೇ, ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರ ತಗ್ಗಿಸಿ ಕೆಟ್ಟದ್ದಲ್ಲ. ಸಿಲ್ವರ್ ನೈಟ್ರೇಟ್ ಎರಚಿದಾಗ ಬೆಳ್ಳಗಾಯಿತು, ರಾಡಿಗಿಂತ ಒಳಗಿನ ಕಾಂಕ್ರೀಟಿನಲ್ಲೂ. ಉಪ್ಪಿನದ್ದೇ ಕೆಲಸ. ಬಾವಿಯ ನೀರು ಈ ಬೇಸಿಗೆಯಲ್ಲಿ ಲೀಟರಿಗೆ 1,140 ಮಿಲಿಗ್ರಾಂ. ಅಪ್ಪ ಪಟ್ಟಿಯನ್ನು ಎರಡು ಸಲ ಓದಿ, "ತಾರಸಿ ಹಾಕಿದ್ದು ಏಪ್ರಿಲ್ ಕೊನೆಗೆ, ನೀರು ನಾನೇ ಪಂಪು ಹಾಕಿ ಕೊಟ್ಟಿದ್ದೆ" ಎಂದರು. ಆಮೇಲೆ ಮಾತಾಡಲಿಲ್ಲ.

ನೆಲ ಅಂತಸ್ತು ಚಿರೆಕಲ್ಲಿನ ಭಾರ ಹೊರುವ ಗೋಡೆ, ಮೇಲೆ ಆರಿಂಚಿನ ಸ್ಲ್ಯಾಬ್, ಅದರ ಮೇಲೆ ಹಂಚಿನ ಮಾಡು ಎಂದು ತೀರ್ಮಾನವಾಗಿದೆ. ಸಜ್ಜಾ ಒಂದೂ ಇಲ್ಲ. ಎಂ35, ಸ್ಲ್ಯಾಗ್ ಸಿಮೆಂಟ್, ನೀರು ಟ್ಯಾಂಕರಿನದ್ದು. ಎಪಾಕ್ಸಿ ರಾಡು ಬೇಡವೆಂದಾಗ ಗುತ್ತಿಗೆದಾರರ ಮುಖ ಸಪ್ಪಗಾಯಿತು. ಬೇರೆಯವರನ್ನು ಹುಡುಕುತ್ತಿದ್ದೇವೆ.

ಮೇಸ್ತ್ರಿಯವರೇ, ಕುಂದಾಪುರ ಪೇಟೆಯಲ್ಲಿ ಕೇಳಿದಲ್ಲೆಲ್ಲ 20 ಮತ್ತು 25 ಎಂಎಂ ಪ್ಲಾಸ್ಟಿಕ್ ಕವರ್ ಬ್ಲಾಕ್ ಮಾತ್ರ ತೋರಿಸುತ್ತಾರೆ. 45, 50ರದ್ದು ಎಲ್ಲಿ ಸಿಗುತ್ತದೆ?

ಗಾರೆ ಮೇಸ್ತ್ರಿ, ಹೊನ್ನಾವರ | ಭಾನುವಾರ, ರಾತ್ರಿ 8.40

ಪೇಟೆ ಸುತ್ತಬೇಡಿ, ಮನೆಯಲ್ಲೇ ಮಾಡಿ. ಸಮತಟ್ಟು ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ 50 ಎಂಎಂ ಎತ್ತರದ ರೀಪು ಇಟ್ಟು, ಸ್ಲ್ಯಾಬಿಗೆ ಹಾಕುವ ಸಿಮೆಂಟಿನಿಂದಲೇ, ನೀರಿನ ಲೆಕ್ಕವೂ ಅದೇ, ಗಟ್ಟಿ ಗಾರೆ ತುಂಬಿ. ಅರೆ ಗಟ್ಟಿಯಾದಾಗ ಕರಣೆಯ ಅಂಚಿನಿಂದ ಎರಡಿಂಚು ಚೌಕಕ್ಕೆ ಗೆರೆ ಕತ್ತರಿಸಿ, ಪ್ರತಿಯೊಂದರ ನಡುವೆ ಕಟ್ಟುವ ತಂತಿಯ ಎರಡು ತುದಿ ಮೇಲೆ ಬರುವಂತೆ ಊರಿ. ತಂತಿ ಅಡಿಯ ತನಕ ಇಳಿಯಕೂಡದು. ಮಾರನೆಯ ದಿನ ಬಿಡಿಸಿ ಡ್ರಮ್ಮಿನ ನೀರಿನಲ್ಲಿ ಹಾಕಿ, ಹದಿನಾಲ್ಕು ದಿನ. ಲ್ಯಾಬಿನ ಮೇಡಂ ಹೇಳಿದ ಲೆಕ್ಕ ಇದಕ್ಕೂ ಬೇಕು, ಸೊರಗಿದ ಬ್ಲಾಕ್ ಇಟ್ಟರೆ ಅದೇ ತೂತು.

ಚದರ ಮೀಟರಿಗೆ ಒಂದರಂತೆ ಇಟ್ಟರೆ ರಾಡು ಜೋತುಬೀಳುತ್ತದೆ, ನಾಲ್ಕು ಇಡಿ. ನಡೆದಾಡಲು ರಾಡಿನ ಮೇಲೆ ಹಲಗೆ ಹಾಕಿಸಿ. ಕಾಂಕ್ರೀಟ್ ದಿನ ಗೊತ್ತಾದರೆ ತಿಳಿಸಿ, ಬಸ್ಸಿಗೆ ಬಂದು ನೋಡುತ್ತೇನೆ. ಡ್ರಮ್ಮಿಗೆ ಬಾವಿಯ ನೀರು ಹಾಕಬೇಡಿ.